ಮನೆಗೆ ಸ್ಮಾರ್ಟ್ ಮೀಟರ್ ಹಾಕಿಸಬೇಕೇ? ಒಪ್ಪುವ ಮೊದಲು ಮಾಡಬೇಕಾದ ಲೆಕ್ಕ, ಕೇಳಬೇಕಾದ ಪ್ರಶ್ನೆ, ನೋಡಬೇಕಾದ ವೈರಿಂಗ್

ಸ್ಮಾರ್ಟ್ ಮೀಟರ್ ಗೋಡೆಗೆ ಬಂದು ಕೂತ ಮಾತ್ರಕ್ಕೆ ಒಂದು ಯೂನಿಟ್ ಕೂಡ ಉಳಿಯುವುದಿಲ್ಲ. ತಕ್ಕಡಿ ತಂದಿಟ್ಟರೆ ತೂಕ ಇಳಿಯುತ್ತದೆಯೇ? ಹಾಗೆಯೇ ಇದು. ಉಳಿತಾಯ ಬರುವುದು ಎರಡೇ ದಾರಿಯಲ್ಲಿ. ಕರೆಂಟು ಎಲ್ಲಿ ಸುಮ್ಮನೆ ಹೋಗುತ್ತಿದೆ ಎಂದು ಕಂಡು ಅದನ್ನು ನಿಲ್ಲಿಸಬೇಕು, ಇಲ್ಲವೇ ದುಬಾರಿ ಹೊತ್ತಿನ ಬಳಕೆಯನ್ನು ಅಗ್ಗದ ಹೊತ್ತಿಗೆ ಸರಿಸಬೇಕು. ಇವೆರಡೂ ಆಗದ ಮನೆಯಲ್ಲಿ ಬಿಲ್ ಇದ್ದ ಹಾಗೇ ಇರುತ್ತದೆ. ಕೆಲವು ಮನೆಗಳಲ್ಲಿ ಏರುವುದೂ ಉಂಟು.

ಆದ್ದರಿಂದ 'ಸ್ಮಾರ್ಟ್ ಮೀಟರ್ ಒಳ್ಳೆಯದೋ ಕೆಟ್ಟದ್ದೋ' ಎಂದು ಕೇಳಿ ಪ್ರಯೋಜನವಿಲ್ಲ. ನಿಮ್ಮ ಮನೆಯ ಬಳಕೆ, ನಿಮಗೆ ಅನ್ವಯಿಸುವ ದರಪಟ್ಟಿ, ನಿಮ್ಮ ವೈರಿಂಗ್, ಈ ಮೂರನ್ನು ನೋಡಿ ತೀರ್ಮಾನಿಸಬೇಕು. ಅದಕ್ಕೆ ಒಂದು ವಾರದ ರೀಡಿಂಗ್, ಈಚಿನ ಒಂದು ಬಿಲ್, ಒಂದು ನೋಟ್‌ಬುಕ್, ಫೋನಿನ ಸ್ಟಾಪ್‌ವಾಚ್ ಇದ್ದರೆ ಸಾಕು.

ಹೆಜ್ಜೆ 1: ಬರುತ್ತಿರುವುದು ಯಾವ ಮೀಟರ್ ಎಂದು ಖಚಿತಪಡಿಸಿಕೊಳ್ಳಿ

ಅಂಕಿ ಮೂಡುವ ಪರದೆ ಇದ್ದ ಮಾತ್ರಕ್ಕೆ ಮೀಟರ್ ಸ್ಮಾರ್ಟ್ ಆಗುವುದಿಲ್ಲ. ಸಾಮಾನ್ಯ ಡಿಜಿಟಲ್ ಮೀಟರ್ ಒಟ್ಟು ಯೂನಿಟ್ ಎಣಿಸುತ್ತದೆ, ಅದನ್ನು ಯಾರಾದರೂ ಬಂದು ಓದಬೇಕು. ಸ್ಮಾರ್ಟ್ ಮೀಟರ್‌ನಲ್ಲಿ ಅಳೆಯುವ ಭಾಗದ ಜೊತೆಗೆ ಇನ್ನು ನಾಲ್ಕು ಇರುತ್ತವೆ: 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ಬರೆದಿಡುವ ಮೆಮೊರಿ, ಬ್ಯಾಟರಿ ಇರುವ ಗಡಿಯಾರ, ಮಾಹಿತಿ ಕಳಿಸುವ ಮತ್ತು ಆದೇಶ ಪಡೆಯುವ ಸಂಪರ್ಕದ ಮಾಡ್ಯೂಲ್, ದೂರದಿಂದಲೇ ಕರೆಂಟು ಕಡಿದು ಕೊಡಬಲ್ಲ ರಿಲೇ. ಒಳಿತು ಕೆಡುಕುಗಳೆಲ್ಲ ಹುಟ್ಟುವುದು ಈ ನಾಲ್ಕರಿಂದಲೇ. ಆದ್ದರಿಂದ ನಿಮಗೆ ಬರುವ ಮೀಟರ್‌ನಲ್ಲಿ ಇವುಗಳಲ್ಲಿ ಯಾವುವು ಇವೆ ಎಂದು ಮೊದಲು ಕೇಳಿ. ಮುಖ್ಯವಾಗಿ ರಿಲೇ ವಿಷಯ ಬಿಡದೆ ಕೇಳಿ.

ಮನೆಯೊಳಗಿನ ಬಳಕೆಯನ್ನು ತಿಳಿಯುವುದಷ್ಟೇ ನಿಮ್ಮ ಆಸೆಯಾದರೆ ಮೀಟರ್ ಬದಲಿಸುವ ಅಗತ್ಯವೇ ಇಲ್ಲ. ಮೇನ್ ವೈರಿನ ಸುತ್ತ ಹಿಡಿಸುವ ಕ್ಲ್ಯಾಂಪ್ ಮಾನಿಟರ್ ಆ ಕೆಲಸ ಮಾಡುತ್ತದೆ. ಕೆಲವು ಸೆಕೆಂಡಿಗೊಮ್ಮೆ ಲೆಕ್ಕ ತೋರಿಸುವುದರಿಂದ, ಯಾವ ಉಪಕರಣ ಎಷ್ಟು ಎಳೆಯುತ್ತದೆ ಎಂದು ಹಿಡಿಯಲು ಅರ್ಧ ಗಂಟೆಯ ಲೆಕ್ಕಕ್ಕಿಂತ ಅದೇ ವಾಸಿ. ಆ ಮಾಹಿತಿ ವಿದ್ಯುತ್ ಕಂಪನಿಗೆ ಹೋಗುವುದಿಲ್ಲ, ಬಿಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಹೆಜ್ಜೆ 2: ಆಯ್ಕೆ ನಿಜವಾಗಿ ನಿಮ್ಮ ಕೈಯಲ್ಲಿದೆಯೇ?

ಕೆಲವು ಕಡೆ ಸ್ಮಾರ್ಟ್ ಮೀಟರ್ ಕಡ್ಡಾಯ, ಕೆಲವು ಕಡೆ ಐಚ್ಛಿಕ. ಇನ್ನು ಕೆಲವು ಕಡೆ ಹಳೆಯದು ಕೆಟ್ಟಾಗ ಅಥವಾ ಹೊಸ ಸಂಪರ್ಕ ಪಡೆಯುವಾಗ ಮಾತ್ರ ಕಡ್ಡಾಯ. ಇದನ್ನು ಬಾಯಿಮಾತಿನಲ್ಲಿ ನಂಬಬೇಡಿ, ವಿದ್ಯುತ್ ಕಂಪನಿಯಿಂದ ಲಿಖಿತವಾಗಿ ಪಡೆಯಿರಿ. ಕಡ್ಡಾಯವೇ ಆಗಿದ್ದರೂ ಮುಂದಿನ ಹೆಜ್ಜೆಗಳು ವ್ಯರ್ಥವಲ್ಲ. ಮೀಟರ್ ಬೇಡವೆನ್ನಲು ಆಗದಿದ್ದರೂ ಯಾವ ದರಪಟ್ಟಿ, ಯಾವ ಪಾವತಿ ವಿಧಾನ, ಎಷ್ಟು ಮಾಹಿತಿ ಎಂಬುದರಲ್ಲಿ ಆಯ್ಕೆ ಇರಬಹುದು. ನಿಜ ಹೇಳಬೇಕೆಂದರೆ ಹೆಚ್ಚಿನ ಮನೆಗಳಿಗೆ ಮೀಟರ್‌ಗಿಂತ ಈ ಆಯ್ಕೆಗಳೇ ದೊಡ್ಡವು.

ಕೇಳಬೇಕಾದ ಪ್ರಶ್ನೆಗಳು: ಮೀಟರ್ ಬದಲಾದೊಡನೆ ನನ್ನ ದರಪಟ್ಟಿ ತಾನಾಗಿ ಬದಲಾಗುತ್ತದೆಯೇ? ಬದಲಾದರೆ ಹಳೆಯದಕ್ಕೆ ಮರಳಬಹುದೇ? ಪ್ರೀಪೇಯ್ಡ್ ಕಡ್ಡಾಯವೇ? ಮೀಟರ್ ಬೆಲೆ, ಬಾಡಿಗೆ, ಅಳವಡಿಕೆ ಖರ್ಚು ಯಾರದು? ಕೆಟ್ಟರೆ ಬದಲಿಸುವ ಹೊಣೆ ಯಾರದು? ವಿದ್ಯುತ್ ಪೂರೈಕೆದಾರರನ್ನು ಬದಲಿಸುವ ಅವಕಾಶವಿರುವ ಕಡೆ ಇನ್ನೊಂದು ಪ್ರಶ್ನೆ ಸೇರಿಸಿ: ನಾಳೆ ಬೇರೆಯವರ ಬಳಿ ಹೋದರೆ ಮೀಟರ್ ಸ್ಮಾರ್ಟ್ ಆಗಿಯೇ ಉಳಿಯುತ್ತದೆಯೇ? ಬ್ರಿಟನ್ನಿನಲ್ಲಿ ಹಾಕಿದ ಮೊದಲ ತಲೆಮಾರಿನ ಮೀಟರ್‌ಗಳಲ್ಲಿ ಹಲವು, ಗ್ರಾಹಕರು ಪೂರೈಕೆದಾರರನ್ನು ಬದಲಿಸಿದ ಕೂಡಲೇ ಸಂಪರ್ಕ ಕಳೆದುಕೊಂಡು ಮತ್ತೆ ಕೈಯಲ್ಲಿ ಓದುವ ಮೀಟರ್‌ಗಳಾದವು. ಆಮೇಲೆ ಅವನ್ನೆಲ್ಲ ಒಂದೇ ಜಾಲಕ್ಕೆ ಸೇರಿಸುವ ಕೆಲಸ ಬೇರೆಯಾಗಿ ನಡೆಯಬೇಕಾಯಿತು.

ಹೆಜ್ಜೆ 3: ಹಳೆಯ ಮೀಟರ್ ಇರುವಾಗಲೇ ಒಂದು ವಾರ ಅಳೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನು ಮಾತ್ರ ಬಿಡಬೇಡಿ. ಮೀಟರ್ ಬದಲಾದ ಮೇಲೆ ಹಳೆಯ ಲೆಕ್ಕ ಮತ್ತೆ ಸಿಗುವುದಿಲ್ಲ. ಹೊಸ ಮೀಟರ್ ಜಾಸ್ತಿ ಓಡುತ್ತಿದೆ ಎಂಬ ಅನುಮಾನ ಬಂದಾಗ ಕೈಯಲ್ಲಿ ಆಧಾರ ಇರುವುದಿಲ್ಲ.

ಏಳು ದಿನ, ದಿನಕ್ಕೆ ನಾಲ್ಕು ಸಲ ರೀಡಿಂಗ್ ಬರೆದಿಡಿ: ಬೆಳಿಗ್ಗೆ 6, ಬೆಳಿಗ್ಗೆ 10, ಸಂಜೆ 6, ರಾತ್ರಿ 10. ನಿಮ್ಮ ದರಪಟ್ಟಿಯಲ್ಲಿ ದುಬಾರಿ ಹೊತ್ತು ಬೇರೆ ಇದ್ದರೆ ಅದರ ಆರಂಭ ಮತ್ತು ಕೊನೆಗೆ ಹೊಂದಿಸಿಕೊಳ್ಳಿ. ದಶಾಂಶದ ಅಂಕಿಯನ್ನೂ ಬರೆಯಿರಿ, ಅದಿಲ್ಲದಿದ್ದರೆ ನಾಲ್ಕು ಗಂಟೆಯ ಬಳಕೆ ಸರಿಯಾಗಿ ಕಾಣುವುದಿಲ್ಲ. ಜೊತೆಗೆ ಗೀಸರ್, ಪಂಪು, ವಾಷಿಂಗ್ ಮೆಷಿನ್, ಎಸಿ, ವಾಹನದ ಚಾರ್ಜರ್ ಯಾವ ಹೊತ್ತಿನಲ್ಲಿ ಓಡಿದವು ಎಂದೂ ಬರೆದಿಡಿ.

ಇನ್ನೊಂದು ಅಳತೆ ರಾತ್ರಿಯದು. ಎಲ್ಲರೂ ಮಲಗಿದ ಮೇಲೆ, ದೀಪ ಫ್ಯಾನು ಆರಿಸಿ ಮೀಟರ್ ಮುಂದೆ ನಿಲ್ಲಿ. ಮುಖದ ಮೇಲೆ ಮಿನುಗುವ ಕೆಂಪು ಎಲ್‌ಇಡಿ ಪಕ್ಕದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು. 1000 ಇದ್ದರೆ ಲೆಕ್ಕ ಸುಲಭ: 3600 ಅನ್ನು ಎರಡು ಮಿನುಗುಗಳ ನಡುವಿನ ಸೆಕೆಂಡಿನಿಂದ ಭಾಗಿಸಿದರೆ ಆ ಗಳಿಗೆಯ ವ್ಯಾಟ್ ಸಿಗುತ್ತದೆ. 3200 ಇದ್ದರೆ 1125 ಅನ್ನು ಭಾಗಿಸಿ. ಚಕ್ರ ತಿರುಗುವ ಹಳೆಯ ಮೀಟರ್‌ನಲ್ಲಿ ಯೂನಿಟ್‌ಗೆ 600 ಸುತ್ತು ಎಂದಿದ್ದರೆ 6000 ಅನ್ನು ಒಂದು ಸುತ್ತಿನ ಸೆಕೆಂಡಿನಿಂದ ಭಾಗಿಸಿ. ಒಂದೇ ಮಿನುಗನ್ನು ನಂಬಬೇಡಿ, ಫ್ರಿಜ್ ಆನ್ ಆಫ್ ಆಗುವುದರಿಂದ ಲೆಕ್ಕ ಏರುಪೇರಾಗುತ್ತದೆ. ಹತ್ತು ಮಿನುಗು ಎಣಿಸಿ ಸರಾಸರಿ ತೆಗೆಯಿರಿ, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಎಣಿಸಿ.

1000 ಮಿನುಗಿನ ಮೀಟರ್‌ನಲ್ಲಿ ಹತ್ತು ಮಿನುಗಿಗೆ 200 ಸೆಕೆಂಡ್ ಹಿಡಿದರೆ ಮಿನುಗಿಗೆ 20 ಸೆಕೆಂಡ್, ಅಂದರೆ 180 ವ್ಯಾಟ್. ಯಾರೂ ಏನೂ ಬಳಸದ ಹೊತ್ತಿನಲ್ಲಿ ಇಷ್ಟು. ದಿನಕ್ಕೆ 4.3 ಯೂನಿಟ್, 30 ದಿನಕ್ಕೆ ಸುಮಾರು 130 ಯೂನಿಟ್. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯಲ್ಲಿ ಈ ಅಂಕಿ ಬಂದರೆ ಸ್ಮಾರ್ಟ್ ಮೀಟರ್ ವಿಚಾರ ಪಕ್ಕಕ್ಕಿಡಿ. ಮೊದಲು ಈ 180 ವ್ಯಾಟ್ ಎಲ್ಲಿ ಹೋಗುತ್ತಿದೆ ಎಂದು ಹುಡುಕಿ: ಒಂದೊಂದೇ ಎಂಸಿಬಿ (ಒಂದೊಂದು ಸಾಲಿನ ಕರೆಂಟು ಕಡಿಯುವ ಸ್ವಿಚ್) ಆರಿಸುತ್ತ ಬನ್ನಿ, ಯಾವುದನ್ನು ಆರಿಸಿದಾಗ ಮಿನುಗು ನಿಧಾನವಾಯಿತೋ ಆ ಸಾಲಿನಲ್ಲಿ ಉತ್ತರ ಇದೆ. ಹಳೆಯ ಇನ್ವರ್ಟರ್, ಬಾಗಿಲ ರಬ್ಬರ್ ಹರಿದ ಫ್ರಿಜ್, ಸದಾ ಆನ್ ಇರುವ ಸೆಟ್‌ಟಾಪ್ ಬಾಕ್ಸ್, ಥರ್ಮೋಸ್ಟಾಟ್ ಕೆಟ್ಟ ಗೀಸರ್, ಇವೇ ಹೆಚ್ಚಾಗಿ ಸಿಕ್ಕಿಬೀಳುವವು.

ಹೆಜ್ಜೆ 4: ಸರಿಸಬಲ್ಲ ಬಳಕೆ ಎಷ್ಟಿದೆ?

ಹೊತ್ತಿಗೊಂದು ದರ ಇರುವ ಪಟ್ಟಿಗೆ ಸೇರಲು ಹೆಚ್ಚಿನ ಕಡೆ ಸ್ಮಾರ್ಟ್ ಮೀಟರ್ ಬೇಕು. ಮೀಟರ್ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಕಾರಣವೂ ಇದೇ. ಆದರೆ ಈ ಪಟ್ಟಿಯಲ್ಲಿ ಅಗ್ಗದ ಹೊತ್ತು ಇರುವಂತೆ ದುಬಾರಿ ಹೊತ್ತೂ ಇದೆ. ಬಹುಪಾಲು ಮನೆಗಳು ಹೆಚ್ಚು ಬಳಸುವುದು ಸಂಜೆ, ದರ ಏರುವುದೂ ಆಗಲೇ.

ಲೆಕ್ಕ ಹೀಗೆ ಹಾಕಿ. ಮಾದರಿಗೆ ಸಾಮಾನ್ಯ ದರ 1, ದುಬಾರಿ ಹೊತ್ತಿಗೆ 1.2, ಅಗ್ಗದ ಹೊತ್ತಿಗೆ 0.8 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯಲ್ಲಿ 80 ಸಂಜೆಗೆ, 70 ಹಗಲಿಗೆ, 50 ರಾತ್ರಿಗೆ ಹೋಗುತ್ತಿವೆ. ಒಂದೇ ದರದ ಪಟ್ಟಿಯಲ್ಲಿ ಬಿಲ್ 200. ಹೊಸ ಪಟ್ಟಿಯಲ್ಲಿ ಏನೂ ಬದಲಿಸದಿದ್ದರೆ 96, 70 ಮತ್ತು 40, ಒಟ್ಟು 206. ಅಂದರೆ ಸುಮ್ಮನೆ ಸೇರಿದರೆ ಶೇ 3ರಷ್ಟು ನಷ್ಟ. ಸಂಜೆಯಿಂದ ರಾತ್ರಿಗೆ ಸರಿಸಿದ ಪ್ರತಿ ಯೂನಿಟ್‌ಗೆ 0.4 ಉಳಿಯುತ್ತದೆ, ಹಾಗಾಗಿ 15 ಯೂನಿಟ್ ಸರಿಸಿದಾಗ ಹಳೆಯ ಬಿಲ್‌ಗೆ ಸಮ. 30 ಸರಿಸಿದರೆ 194. ಲಾಭ ಶುರುವಾಗುವುದು ದಿನಕ್ಕೆ ಅರ್ಧ ಯೂನಿಟ್ ದಾಟಿದ ಮೇಲೆ. ನಿಮ್ಮ ಪಟ್ಟಿಯ ನಿಜವಾದ ದರ, ಹೆಜ್ಜೆ 3ರ ನಿಮ್ಮದೇ ಅಂಕಿ ಹಾಕಿ ಇದೇ ಲೆಕ್ಕ ಮಾಡಿ.

ಈಗ ಸರಿಸಬಲ್ಲದ್ದು ಯಾವುದು ಎಂದು ಪ್ರಾಮಾಣಿಕವಾಗಿ ನೋಡಿ. ಫ್ರಿಜ್, ದೀಪ, ಫ್ಯಾನು, ಸಂಜೆಯ ಅಡುಗೆ ಜಾಗ ಬಿಟ್ಟು ಕದಲುವುದಿಲ್ಲ. ವಾಹನದ ಚಾರ್ಜಿಂಗ್ ಪೂರ್ತಿ ಕದಲುತ್ತದೆ. ವಾಹನ ಇರುವ ಮನೆಗೆ ಅದೊಂದೇ ಸಾಕು, ಉಳಿದ ಲೆಕ್ಕ ಬೇಕಾಗುವುದೇ ಇಲ್ಲ. ಒಂದು ಎಚ್‌ಪಿ ಪಂಪು ಗಂಟೆಗೆ ಒಂದು ಯೂನಿಟ್ ಆಸುಪಾಸು ಎಳೆಯುತ್ತದೆ, ಓವರ್‌ಹೆಡ್ ಟ್ಯಾಂಕ್ ಇದ್ದರೆ ಯಾವ ಹೊತ್ತಿಗೆ ಬೇಕಾದರೂ ಓಡಿಸಬಹುದು. 25 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಸುಮಾರು ಒಂದು ಯೂನಿಟ್ ಬೇಕು. ಗೀಸರ್‌ನ ಹೊರಮೈ ಬೆಚ್ಚಗಾಗದಷ್ಟು ಇನ್ಸುಲೇಶನ್ ಚೆನ್ನಾಗಿದ್ದರೆ ಬೆಳಗಿನ ದುಬಾರಿ ಹೊತ್ತಿಗೆ ಮೊದಲೇ ಕಾಯಿಸಿಡಬಹುದು. ವಾಷಿಂಗ್ ಮೆಷಿನ್ ಸರಿಸಿದರೆ ದೊಡ್ಡ ಉಳಿತಾಯ ಎಂದು ಹಲವರು ಎಣಿಸುತ್ತಾರೆ. ಬಿಸಿನೀರಿನ ಸೈಕಲ್ ಬಳಸುವವರಿಗೆ ಮಾತ್ರ ಅದು ನಿಜ. ತಣ್ಣೀರಿನ ಒಗೆತಕ್ಕೆ ತಗಲುವುದು ಬಹಳ ಕಡಿಮೆ, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಹೆಜ್ಜೆ 5: ಗರಿಷ್ಠ ಬೇಡಿಕೆ ಎಂಬ ಹೊಸ ಅಂಕಿ

ಹೊತ್ತಿನ ದರಕ್ಕೆ ಸೇರದವರೂ ಇದನ್ನು ಓದಿ, ಏಕೆಂದರೆ ಸದ್ದಿಲ್ಲದೆ ಕೈ ಕಚ್ಚುವುದು ಇಲ್ಲಿ. ನಿಮ್ಮ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಹಳೆಯ ಚಕ್ರದ ಮೀಟರ್‌ಗೆ ನೀವು ಅದನ್ನು ಮೀರಿದ್ದು ಗೊತ್ತೇ ಆಗುತ್ತಿರಲಿಲ್ಲ. ಸ್ಮಾರ್ಟ್ ಮೀಟರ್ ಪ್ರತಿ 15 ಅಥವಾ 30 ನಿಮಿಷದ ಸರಾಸರಿಯನ್ನು ಬರೆದಿಟ್ಟು, ತಿಂಗಳಲ್ಲಿ ಅತಿ ಹೆಚ್ಚಿನದನ್ನು ಗರಿಷ್ಠ ಬೇಡಿಕೆ ಎಂದು ಕಳಿಸುತ್ತದೆ. ಮೀರಿದರೆ ದಂಡವೋ, ಲೋಡ್ ತಾನಾಗಿ ಏರಿಕೆಯೋ, ಅದರಿಂದ ನಿಗದಿತ ಶುಲ್ಕದ ಹೆಚ್ಚಳವೋ ಆಗಬಹುದು. ಕೆಲವು ಮೀಟರ್‌ಗಳು ಮಿತಿ ಮೀರಿದೊಡನೆ ರಿಲೇ ತೆರೆದು ಕರೆಂಟನ್ನೇ ಕಡಿಯುವಂತೆ ಹೊಂದಿಸಿರುತ್ತವೆ.

ಅವಧಿ 15 ನಿಮಿಷವೋ 30 ನಿಮಿಷವೋ ಎಂಬುದು ಸಣ್ಣ ವಿಷಯವಲ್ಲ. 3 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 1.5 ಕಿಲೋವ್ಯಾಟ್ ಎಸಿ ನಿರಂತರ ಓಡುತ್ತಿರುವಾಗ 2 ಕಿಲೋವ್ಯಾಟ್ ಗೀಸರ್ ಮತ್ತು 1 ಕಿಲೋವ್ಯಾಟ್ ಇಸ್ತ್ರಿಪೆಟ್ಟಿಗೆ ತಲಾ 10 ನಿಮಿಷ ಆನ್ ಆದವು ಎನ್ನಿ. 30 ನಿಮಿಷದ ಸರಾಸರಿಯಲ್ಲಿ ಗೀಸರ್ 0.67, ಇಸ್ತ್ರಿ 0.33, ಎಸಿ 1.5, ಒಟ್ಟು 2.5: ಮಿತಿಯೊಳಗೆ. 15 ನಿಮಿಷದ ಸರಾಸರಿಯಲ್ಲಿ 1.33, 0.67, 1.5, ಒಟ್ಟು 3.5: ಮಿತಿ ಮೀರಿತು. ಅದೇ ಮನೆ, ಅದೇ ಹತ್ತು ನಿಮಿಷ. ಎರಡು ದೊಡ್ಡ ಉಪಕರಣಗಳನ್ನು ಒಂದರ ಹಿಂದೆ ಒಂದರಂತೆ ಬಳಸುವ ಅಭ್ಯಾಸ ಇದಕ್ಕೆ ಸಾಕು. ಆಗದಿದ್ದರೆ ಮೀಟರ್ ಬರುವ ಮೊದಲೇ ಮಂಜೂರಾದ ಲೋಡ್ ಏರಿಸಿಕೊಳ್ಳುವುದು ಲೇಸು.

ಹೆಜ್ಜೆ 6: ವೈರಿಂಗ್ ಪರೀಕ್ಷೆ

'ಸ್ಮಾರ್ಟ್ ಮೀಟರ್ ಬಂದ ಮೇಲೆ ಬಿಲ್ ಏರಿತು' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಹಳೆಯ ಮೀಟರ್‌ನ ನಿಧಾನ ಅಥವಾ ಮನೆಯ ವೈರಿಂಗ್ ದೋಷ. ಸವೆದ ಬೇರಿಂಗ್, ಧೂಳು ಕೂತ ಚಕ್ರ ಸಣ್ಣ ಲೋಡ್‌ಗೆ ತಿರುಗದೆ ನಿಲ್ಲುತ್ತವೆ. ನಿಖರತೆಯ ಕ್ಲಾಸ್ 1ರ ಎಲೆಕ್ಟ್ರಾನಿಕ್ ಮೀಟರ್ ತನ್ನ ಮೂಲ ಕರೆಂಟಿನ 0.004 ಭಾಗಕ್ಕೇ ಎಣಿಕೆ ಶುರು ಮಾಡಬೇಕು: 10 ಆಂಪಿಯರ್ ಮೀಟರ್‌ಗೆ ಅದು 40 ಮಿಲಿಆಂಪಿಯರ್, 230 ವೋಲ್ಟ್‌ನಲ್ಲಿ ಸುಮಾರು 9 ವ್ಯಾಟ್. ಹಳೆಯದು ಬಿಟ್ಟುಬಿಡುತ್ತಿದ್ದುದನ್ನು ಹೊಸದು ಬಿಡುವುದಿಲ್ಲ.

ಎರಡನೆಯದು ನ್ಯೂಟ್ರಲ್, ಅಂದರೆ ಫೇಸ್ ತಂತಿಯಲ್ಲಿ ಬಂದ ಕರೆಂಟು ಮರಳುವ ತಂತಿ. ಕೆಲವು ಮೀಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರ ಕರೆಂಟನ್ನೂ ಅಳೆದು ದೊಡ್ಡದಕ್ಕೆ ಬಿಲ್ ಮಾಡುತ್ತವೆ. ಕಳ್ಳತನ ತಡೆಯಲು ಮಾಡಿದ ಏರ್ಪಾಡು ಅದು. ಆದರೆ ನಿಮ್ಮ ನ್ಯೂಟ್ರಲ್ ಪಕ್ಕದ ಮನೆಯ ಅಥವಾ ಮೇಲಿನ ಮಹಡಿಯ ನ್ಯೂಟ್ರಲ್ ಜೊತೆ ಎಲ್ಲೋ ಕೂಡಿದ್ದರೆ ಅವರ ಕರೆಂಟೂ ನಿಮ್ಮ ಮೀಟರ್ ಹಾದು ಹೋಗುತ್ತದೆ. ಒಂದೇ ಮನೆಯನ್ನು ಆಮೇಲೆ ಎರಡು ಪಾಲು ಮಾಡಿದ ಕಟ್ಟಡಗಳಲ್ಲಿ ಇದು ಸಾಮಾನ್ಯ.

ಪರೀಕ್ಷೆ ಸುಲಭ. ಮೇನ್ ಸ್ವಿಚ್ ಆನ್ ಇಟ್ಟು, ಅದರ ನಂತರದ ಸಿಂಗಲ್ ಪೋಲ್ (ಫೇಸ್ ಮಾತ್ರ ಕಡಿಯುವ) ಎಂಸಿಬಿಗಳನ್ನೆಲ್ಲ ಆರಿಸಿ ಹತ್ತು ನಿಮಿಷ ಮೀಟರ್ ನೋಡಿ. ಮಿನುಗು ಸಂಪೂರ್ಣ ನಿಲ್ಲಬೇಕು. ನಿಲ್ಲದಿದ್ದರೆ ಒಂದೋ ಎಂಸಿಬಿಗಳಿಗೆ ಮೊದಲೇ ಯಾರೋ ಲೈನ್ ತೆಗೆದಿದ್ದಾರೆ, ಇಲ್ಲವೇ ಹೊರಗಿನ ಕರೆಂಟು ನ್ಯೂಟ್ರಲ್‌ನಲ್ಲಿ ಬರುತ್ತಿದೆ. ಡಬಲ್ ಪೋಲ್ ಮೇನ್ ಆರಿಸಿ ಈ ಪರೀಕ್ಷೆ ಮಾಡಿದರೆ ನ್ಯೂಟ್ರಲ್ ಕೂಡ ಕಡಿದುಹೋಗಿ ದೋಷ ಅಡಗಿಕೊಳ್ಳುತ್ತದೆ, ಅದಕ್ಕೇ ಮೇನ್ ಆನ್ ಇರಬೇಕು. ಹಳೆಯ ಮೀಟರ್ ಫೇಸ್ ಮಾತ್ರ ಅಳೆಯುವಂಥದ್ದಾದರೆ ನ್ಯೂಟ್ರಲ್ ದೋಷ ಅದರಲ್ಲಿ ಕಾಣದು. ಹೊಸದು ಬಂದ ದಿನವೇ ಇದನ್ನು ಮತ್ತೊಮ್ಮೆ ಮಾಡಿ.

ಮೀಟರ್ ಮೇಲೆ ಅರ್ತ್ ಸೂಚಕ ದೀಪ ಇದ್ದು ಅದು ಉರಿಯುತ್ತಿದ್ದರೆ ಫೇಸ್ ಮತ್ತು ನ್ಯೂಟ್ರಲ್ ಕರೆಂಟು ಸಮ ಇಲ್ಲ ಎಂದರ್ಥ. ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆದು ಇನ್ಸುಲೇಶನ್ ಪರೀಕ್ಷೆ ಮಾಡಿಸಿ. ಗೀಸರ್‌ನ ಹೀಟರ್ ರಾಡ್‌ನಲ್ಲಿ ಸೋರಿಕೆ ಇದ್ದರೆ ಅದು ಬಿಲ್ಲಿನ ಪ್ರಶ್ನೆ ಮಾತ್ರವಲ್ಲ, ಜೀವದ ಪ್ರಶ್ನೆ. ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ತಾನೇ ಕಡಿಯುವ ಸ್ವಿಚ್) ಇಲ್ಲದ ಮನೆಯಾದರೆ ಮೀಟರ್‌ಗಿಂತ ಮೊದಲು ಅದನ್ನು ಹಾಕಿಸಿ.

ಹೆಜ್ಜೆ 7: ಸಿಗ್ನಲ್

ಮೀಟರ್ ತನ್ನ ಮಾಹಿತಿಯನ್ನು ಮೊಬೈಲ್ ಜಾಲದ ಮೂಲಕ, ಅಕ್ಕಪಕ್ಕದ ಮೀಟರ್‌ಗಳಿಗೆ ರೇಡಿಯೊ ಮೂಲಕ ದಾಟಿಸುತ್ತ, ಅಥವಾ ವಿದ್ಯುತ್ ತಂತಿಯಲ್ಲೇ ಕಳಿಸುತ್ತದೆ. ಮೊಬೈಲ್ ಜಾಲವಾದರೆ ಮೀಟರ್ ಪೆಟ್ಟಿಗೆಯ ಪಕ್ಕದಲ್ಲಿ ಫೋನ್ ಹಿಡಿದು ನೋಡಿ. ನೆಲಮಾಳಿಗೆ, ದಪ್ಪ ಕಾಂಕ್ರೀಟ್ ಗೋಡೆ, ಮುಚ್ಚಿದ ಕಬ್ಬಿಣದ ಪೆಟ್ಟಿಗೆ ಇವು ಸಿಗ್ನಲ್ ಕೊಲ್ಲುತ್ತವೆ. ಹೊರಗೆ ಆಂಟೆನಾ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಸಂಪರ್ಕ ತಪ್ಪಿದರೂ ಎಣಿಕೆ ನಿಲ್ಲುವುದಿಲ್ಲ, ಲೆಕ್ಕ ಮೆಮೊರಿಯಲ್ಲಿ ಉಳಿದು ಆಮೇಲೆ ಹೋಗುತ್ತದೆ. ಆದರೆ ಪ್ರೀಪೇಯ್ಡ್ ಮನೆಗೆ ಸಿಗ್ನಲ್ ಜೀವನಾಡಿ: ಹಣ ಕಟ್ಟಿದರೂ ಕರೆಂಟು ಕೊಡು ಎಂಬ ಆದೇಶ ಮೀಟರ್‌ಗೆ ಮುಟ್ಟದಿದ್ದರೆ ಕತ್ತಲೆಯೇ ಗತಿ. ಸಿಗ್ನಲ್ ದುರ್ಬಲವಾಗಿರುವ ಕಡೆ ಪ್ರೀಪೇಯ್ಡ್ ಒಪ್ಪಬೇಡಿ. ಒಪ್ಪಲೇಬೇಕಾದರೆ ಕೀಪ್ಯಾಡ್‌ನಲ್ಲಿ ಟೋಕನ್ ಸಂಖ್ಯೆ ಒತ್ತುವ ಬದಲಿ ವ್ಯವಸ್ಥೆ ಇದೆಯೇ ಎಂದು ಕೇಳಿ. ಮನೆಯಲ್ಲಿ ಆಮ್ಲಜನಕ ಯಂತ್ರದಂಥ ವೈದ್ಯಕೀಯ ಉಪಕರಣ ನಡೆಯುತ್ತಿದ್ದರೆ, ದೂರದಿಂದ ಕಡಿತ ಮಾಡಬಾರದೆಂದು ಲಿಖಿತವಾಗಿ ನೋಂದಾಯಿಸದೆ ಮುಂದುವರಿಯಲೇಬೇಡಿ.

ರೇಡಿಯೊ ಅಲೆಗಳ ಭಯ ಹಲವರಿಗಿದೆ. ಮೀಟರ್ ಸಣ್ಣ ಸಣ್ಣ ತುಣುಕುಗಳಲ್ಲಿ ಕಳಿಸುತ್ತದೆ, ದೂರ ಹೆಚ್ಚಿದಂತೆ ಅಲೆಯ ಬಲ ಬಹುಬೇಗ ಕುಗ್ಗುತ್ತದೆ, ಗೋಡೆಯಾಚೆಯ ಮೀಟರ್‌ಗಿಂತ ಕಿವಿಗೆ ಹಿಡಿದ ಫೋನಿನಿಂದ ದೇಹಕ್ಕೆ ತಾಗುವುದೇ ಹೆಚ್ಚು. ಪೇಸ್‌ಮೇಕರ್ ಇರುವವರು ಫೋನಿಗೆ ಪಾಲಿಸುವ 15 ಸೆಂಟಿಮೀಟರ್ ಅಂತರವನ್ನು ಇದಕ್ಕೂ ಪಾಲಿಸಿದರಾಯಿತು, ಅನುಮಾನವಿದ್ದರೆ ವೈದ್ಯರನ್ನು ಕೇಳಿ.

ಹೆಜ್ಜೆ 8: ನಿಮ್ಮ ಮನೆಯ ದಿನಚರಿ ಯಾರ ಕೈಗೆ?

ಬಳಕೆಯ ಗೆರೆಯನ್ನಷ್ಟೇ ನೋಡಿ ಯಾವ ಉಪಕರಣ ಯಾವಾಗ ಓಡಿತು ಎಂದು ಹೇಳಬಹುದೆಂಬುದು ಹೊಸ ಸಂಗತಿಯಲ್ಲ. ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ 1980ರ ದಶಕದಲ್ಲೇ ಈ ವಿಧಾನ ರೂಪಿಸಿದ್ದರು. ಅರ್ಧ ಗಂಟೆಯ ಲೆಕ್ಕದಲ್ಲಿ ಅಷ್ಟು ಸೂಕ್ಷ್ಮ ಸಿಗದು. ಆದರೂ ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಮನೆ ಎಂದು ಖಾಲಿ ಇತ್ತು, ಎಷ್ಟು ದಿನ ಊರಲ್ಲಿರಲಿಲ್ಲ ಎಂಬುದೆಲ್ಲ ಅದರಲ್ಲೇ ಕಾಣುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮೀಟರ್ ಕಡ್ಡಾಯ ಮಾಡುವ ಮಸೂದೆ 2009ರಲ್ಲಿ ಮೇಲ್ಮನೆಯಲ್ಲಿ ಬಿದ್ದುಹೋದದ್ದು ಇದೇ ಖಾಸಗಿತನದ ಪ್ರಶ್ನೆಯ ಮೇಲೆ. ಆ ಬಳಿಕ ಅಲ್ಲಿ ಬೇಡವೆನ್ನುವ ಹಕ್ಕು ಗ್ರಾಹಕರಿಗೆ ಸಿಕ್ಕಿತು.

ನಾಲ್ಕು ವಿಷಯ ಲಿಖಿತವಾಗಿ ಕೇಳಿ: ಎಷ್ಟು ನಿಮಿಷಕ್ಕೊಮ್ಮೆಯ ಮಾಹಿತಿ ಹೋಗುತ್ತದೆ, ಎಷ್ಟು ಕಾಲ ಇಡುತ್ತಾರೆ, ಹೊರಗಿನವರಿಗೆ ಕೊಡುತ್ತಾರೆಯೇ, ದಿನಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಮಾತ್ರ ಕಳಿಸುವಂತೆ ಹೊಂದಿಸಬಹುದೇ. ಒಂದೇ ದರದ ಪಟ್ಟಿಯಲ್ಲಿರುವ ಮನೆಯ ಬಿಲ್‌ಗೆ ತಿಂಗಳಿಗೊಮ್ಮೆಯ ಲೆಕ್ಕ ಸಾಕು. ಆ್ಯಪ್‌ನ ಪಾಸ್‌ವರ್ಡ್ ಮೀಟರ್ ಸಂಖ್ಯೆಯೇ ಆಗಿರುವುದುಂಟು, ಮೊದಲ ದಿನವೇ ಬದಲಿಸಿ.

ಹೆಜ್ಜೆ 9: ಚಾವಣಿಯಲ್ಲಿ ಸೋಲಾರ್ ಇದ್ದರೆ

ಎರಡೂ ದಿಕ್ಕು ಎಣಿಸುವ ಮೀಟರ್ ಬೇಕು. ಪರದೆಯಲ್ಲಿ 1.8.0 ಎಂಬ ಸಂಕೇತದಡಿ ಜಾಲದಿಂದ ಪಡೆದದ್ದು, 2.8.0 ಅಡಿಯಲ್ಲಿ ಜಾಲಕ್ಕೆ ಕೊಟ್ಟದ್ದು ಬರುತ್ತದೆ. ಸೋಲಾರ್ ಇದ್ದೂ ಎರಡನೆಯದು ಹಲವು ದಿನ ಸೊನ್ನೆಯಲ್ಲೇ ಇದ್ದರೆ ಮೀಟರ್ ಒಂದೇ ದಿಕ್ಕಿನದಾಗಿ ಹೊಂದಿಸಲ್ಪಟ್ಟಿರಬಹುದು, ಕೊಟ್ಟದ್ದನ್ನೂ ಪಡೆದದ್ದೆಂದು ಎಣಿಸುತ್ತಿರಲೂಬಹುದು. ಕೂಡಲೇ ದೂರು ಕೊಡಿ.

ತ್ರೀ ಫೇಸ್ ಮನೆಯಲ್ಲಿ ಸಿಂಗಲ್ ಫೇಸ್ ಸೋಲಾರ್ ಇನ್ವರ್ಟರ್ ಇದ್ದರೆ ಇನ್ನೊಂದು ಪ್ರಶ್ನೆ ಇದೆ: ಮೀಟರ್ ಮೂರು ಫೇಸ್‌ಗಳನ್ನು ಕೂಡಿಸಿ ಎಣಿಸುತ್ತದೆಯೋ, ಬಿಡಿಬಿಡಿಯಾಗಿಯೋ? ಒಂದು ಫೇಸ್‌ನಿಂದ 3 ಕಿಲೋವ್ಯಾಟ್ ಹೊರಹೋಗಿ, ಉಳಿದೆರಡರಲ್ಲಿ ತಲಾ 1 ಒಳಬರುತ್ತಿದ್ದರೆ, ಕೂಡಿಸುವ ಮೀಟರ್ 1 ಕಿಲೋವ್ಯಾಟ್ ಕೊಟ್ಟಿರಿ ಎನ್ನುತ್ತದೆ. ಬಿಡಿಯಾಗಿ ಎಣಿಸುವುದು 3 ಕೊಟ್ಟಿರಿ, 2 ಪಡೆದಿರಿ ಎನ್ನುತ್ತದೆ. ಕೊಟ್ಟದ್ದಕ್ಕೆ ಸಿಗುವ ದರ ಪಡೆದದ್ದಕ್ಕಿಂತ ಕಡಿಮೆ ಇರುವ ಕಡೆ ಇದರಿಂದ ಗಣನೀಯ ನಷ್ಟವಾಗುತ್ತದೆ.

ಹೆಜ್ಜೆ 10: ತೀರ್ಮಾನ

ವಾಹನ ಚಾರ್ಜಿಂಗ್, ಸೋಲಾರ್, ಅಥವಾ ಹೆಜ್ಜೆ 4ರ ಲೆಕ್ಕದಲ್ಲಿ ಸಮಬಿಂದುವಿನ (ಹಳೆಯ ಬಿಲ್‌ಗೆ ಸಮವಾಗಲು ಸರಿಸಬೇಕಾದ ಯೂನಿಟ್) ಎರಡರಷ್ಟಾದರೂ ಸರಿಸಬಲ್ಲ ಬಳಕೆ ಇದ್ದರೆ ಹಾಕಿಸಿ. ಅಂದಾಜು ಬಿಲ್ ಬರುತ್ತಿರುವವರು, ಬೀಗ ಹಾಕಿದ ಮನೆಗೆ ರೀಡಿಂಗ್ ಸಿಗದೆ ಒಮ್ಮೆಲೇ ದೊಡ್ಡ ಬಿಲ್ ಕಟ್ಟುವವರೂ ಹಾಕಿಸಬಹುದು. ತಿಂಗಳಿಗೆ 60–70 ಯೂನಿಟ್ ಬಳಸಿ ಒಂದೇ ದರ ಕಟ್ಟುವ ಮನೆಗೆ ಹಣದ ಲಾಭ ಕಾಣುವುದಿಲ್ಲ, ಅವಸರ ಬೇಡ. ವೈರಿಂಗ್ ಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ದಿನಾಂಕ ಕೊಡಿ. ದರಪಟ್ಟಿ ತಾನಾಗಿ ಬದಲಾಗಿ ಮರಳುವ ದಾರಿ ಇಲ್ಲ ಎಂದಾದರೆ, ಲೆಕ್ಕ ಪೂರ್ತಿ ನಿಮ್ಮ ಕಡೆ ವಾಲದ ಹೊರತು ಒಪ್ಪಬೇಡಿ.

ಹೆಜ್ಜೆ 11: ಅಳವಡಿಕೆಯ ದಿನ

ಬಂದವರ ಗುರುತಿನ ಚೀಟಿ ನೋಡಿ. ಹಳೆಯ ಮೀಟರ್‌ನ ಕೊನೆಯ ರೀಡಿಂಗ್, ಕ್ರಮಸಂಖ್ಯೆ, ಸೀಲ್ ಮೂರೂ ಒಂದೇ ಫೋಟೋದಲ್ಲಿ ಕಾಣುವಂತೆ ತೆಗೆದುಕೊಳ್ಳಿ. ಹೊಸದರ ಆರಂಭದ ರೀಡಿಂಗ್ ಸೊನ್ನೆಯೇ ಇರಬೇಕೆಂದಿಲ್ಲ, ಪರೀಕ್ಷೆಯ ಸಣ್ಣ ಅಂಕಿ ಇರಬಹುದು, ಅದರ ಫೋಟೋವೂ ಇರಲಿ. ಬದಲಾವಣೆಯ ಚೀಟಿಯಲ್ಲಿ ಎರಡೂ ಅಂಕಿ ನೀವು ಕಂಡಂತೆಯೇ ಇವೆ ಎಂದು ನೋಡಿ ಸಹಿ ಹಾಕಿ. ಮುಂದಿನ ತಿಂಗಳ ಬಹುಪಾಲು ಜಗಳಗಳಿಗೆ ಈ ಎರಡು ಫೋಟೋ ಉತ್ತರ.

ಕೆಲಸ ಶುರುವಾಗುವ ಮೊದಲು ಕಂಪ್ಯೂಟರ್, ಟಿವಿ, ಎಸಿ ಪ್ಲಗ್ ಕಿತ್ತಿಡಿ. ಇನ್ವರ್ಟರ್, ಜನರೇಟರ್, ಸೋಲಾರ್ ಮೂರನ್ನೂ ಆರಿಸಿ. ತಂತಿ ಹಿಡಿದವರಿಗೆ ನಿಮ್ಮ ಮನೆಯೊಳಗಿಂದ ಕರೆಂಟು ವಾಪಸ್ ಹರಿದರೆ ಪ್ರಾಣಕ್ಕೇ ಅಪಾಯ.

ಕೆಲಸ ನಡೆಯುವಾಗ ಸುರಕ್ಷಿತ ದೂರದಿಂದ ಟರ್ಮಿನಲ್ ಗಮನಿಸಿ, ಕೈ ಹಾಕಬೇಡಿ. ವೈರಿನ ಎಲ್ಲ ಎಳೆಗಳೂ ತೂತಿನೊಳಗೆ ಹೋಗಬೇಕು, ಒಂದೂ ಹೊರಗೆ ಇಣುಕಬಾರದು. ಒಂದು ಟರ್ಮಿನಲ್‌ಗೆ ಎರಡು ಸ್ಕ್ರೂ ಇದ್ದರೆ ಎರಡನ್ನೂ ಬಿಗಿಯಬೇಕು, ಬಿಗಿದ ಮೇಲೆ ಎಳೆದು ನೋಡಬೇಕು. ಸಡಿಲ ಜೋಡಣೆಯಲ್ಲಿ 0.1 ಓಮ್ ತಡೆ ಇದ್ದರೆ 20 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 40 ವ್ಯಾಟ್ ಶಾಖ ಏಳುತ್ತದೆ. ಸಾಲ್ಡರಿಂಗ್ ಐರನ್ ಒಂದನ್ನು ಮೀಟರ್ ಪೆಟ್ಟಿಗೆಯೊಳಗೆ ಉರಿಯಲು ಬಿಟ್ಟಂತೆ. ಅಲ್ಯೂಮಿನಿಯಂ ವೈರ್ ಒತ್ತಡಕ್ಕೆ ನಿಧಾನವಾಗಿ ತೆಳುವಾಗಿ ಮತ್ತೆ ಸಡಿಲವಾಗುತ್ತದೆ, ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕಿಸಿ.

ಕರೆಂಟು ಬಂದ ಮೇಲೆ ಅವರನ್ನು ಹತ್ತು ನಿಮಿಷ ನಿಲ್ಲಿಸಿಕೊಳ್ಳಿ. ಸ್ವಿಚ್‌ಗಳಲ್ಲಿ ಟೆಸ್ಟರ್ ಹಿಡಿದು ಫೇಸ್ ನ್ಯೂಟ್ರಲ್ ಅದಲುಬದಲಾಗಿಲ್ಲ ಎಂದು ನೋಡಿಸಿ. ತ್ರೀ ಫೇಸ್ ಪಂಪು ಇದ್ದರೆ ಒಮ್ಮೆ ಓಡಿಸಿ: ಸದ್ದು ಇದ್ದು ನೀರು ಸರಿಯಾಗಿ ಬರದಿದ್ದರೆ ಫೇಸ್ ಕ್ರಮ ಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗುತ್ತಿದೆ. ದೀಪಗಳಲ್ಲಿ ಕೆಲವು ತೀರಾ ಪ್ರಕಾಶವಾಗಿ, ಕೆಲವು ಮಂಕಾಗಿ ಉರಿದರೆ ಮೇನ್ ಕೂಡಲೇ ಆರಿಸಿ. ಅದು ತ್ರೀ ಫೇಸ್‌ನಲ್ಲಿ ನ್ಯೂಟ್ರಲ್ ಬಿಟ್ಟುಹೋದ ಲಕ್ಷಣ. 230 ವೋಲ್ಟ್ ಇರಬೇಕಾದ ಕಡೆ 300 ದಾಟಿ ಉಪಕರಣಗಳು ಸಾಲಾಗಿ ಸುಡುತ್ತವೆ.

ಹೆಜ್ಜೆ 12: ಮೊದಲ ಎರಡು ಬಿಲ್

ಪರದೆಯ ಗಡಿಯಾರವನ್ನು, ಹೆಚ್ಚಿನ ಮೀಟರ್‌ಗಳಲ್ಲಿ 0.9.1, ಫೋನಿನ ಸಮಯದ ಜೊತೆ ಹೋಲಿಸಿ. ಹೊತ್ತಿನ ದರ ಇರುವ ಮನೆಯಲ್ಲಿ ಮೀಟರ್ ಗಡಿಯಾರ ಅರ್ಧ ಗಂಟೆ ತಪ್ಪಿದರೆ ಅಗ್ಗದ ಯೂನಿಟ್‌ಗಳು ದುಬಾರಿ ಖಾತೆಗೆ ಬೀಳುತ್ತವೆ. ಗರಿಷ್ಠ ಬೇಡಿಕೆ 1.6.0 ಅಡಿಯಲ್ಲಿ ಸಿಗುತ್ತದೆ, ಅದನ್ನು ವಾರಕ್ಕೊಮ್ಮೆ ಬರೆದಿಡಿ. ಹೆಜ್ಜೆ 3ರಂತೆ ಇನ್ನೊಂದು ವಾರ ಅಳೆದು ಹಳೆಯ ವಾರದ ಜೊತೆ ಹೋಲಿಸಿ. ಎಸಿ ಬಳಕೆಯಂಥ ಹವಾಮಾನದ ವ್ಯತ್ಯಾಸ ಕಳೆದು ನೋಡಿ.

ಮೀಟರ್ ಮೇಲೆಯೇ ಅನುಮಾನವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎಲ್ಲವನ್ನೂ ಆರಿಸಿ, 1000 ವ್ಯಾಟ್ ಎಂದು ಬರೆದ ಕಾಯಿಲ್ ಹೀಟರ್ ಒಂದನ್ನೇ ಹಚ್ಚಿ. 1000 ಮಿನುಗಿನ ಮೀಟರ್‌ನಲ್ಲಿ 100 ಮಿನುಗಿಗೆ 360 ಸೆಕೆಂಡ್ ಹಿಡಿಯಬೇಕು. ಇಲ್ಲಿ ಹಲವರು ಎಡವುವುದು ವೋಲ್ಟೇಜ್ ವಿಷಯದಲ್ಲಿ: ಹೀಟರ್ 230 ವೋಲ್ಟಿಗೆ 1000 ವ್ಯಾಟ್, 220 ವೋಲ್ಟ್ ಇದ್ದರೆ ಸುಮಾರು 915 ಮಾತ್ರ, ಆಗ 393 ಸೆಕೆಂಡ್ ಹಿಡಿಯುವುದೇ ಸರಿ. ಹೀಟರ್‌ಗಳೂ ಬರೆದಷ್ಟೇ ನಿಖರ ಇರುವುದಿಲ್ಲ. ಹತ್ತು ಶೇಕಡಾ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕಿಂತ ಹೆಚ್ಚಾದರೆ ಕಂಪನಿಯಿಂದ ಅಧಿಕೃತ ಪರೀಕ್ಷೆ ಕೇಳಿ.

ಹೀಟರ್ ಪರೀಕ್ಷೆಯಲ್ಲಿ ಗೆದ್ದ ಮೀಟರ್ ಬೇರೆ ಲೋಡ್‌ನಲ್ಲಿ ತಪ್ಪಬಹುದೇ? ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಳಕು ಏರಿಳಿಸುವ ಡಿಮ್ಮರ್‌ಗೆ ಜೋಡಿಸಿದ ಎಲ್‌ಇಡಿ, ಸಿಎಫ್‌ಎಲ್ ದೀಪಗಳ ಗುಂಪಿನ ಮೇಲೆ ಕೆಲವು ಎಲೆಕ್ಟ್ರಾನಿಕ್ ಮೀಟರ್‌ಗಳು ಶೇ 32ರಷ್ಟು ಕಡಿಮೆಯಿಂದ ಹಿಡಿದು ಶೇ 582ರಷ್ಟು ಹೆಚ್ಚಿನವರೆಗೆ ತೋರಿಸಿದವು. ಕರೆಂಟಿನ ಅಲೆ ತೀರಾ ಚೂಪಾಗಿ ಮುರಿದಾಗ ಕರೆಂಟು ಅಳೆಯಲು ರೊಗೊವ್‌ಸ್ಕಿ ಕಾಯಿಲ್ ಎಂಬ ತಂತಿಸುರುಳಿ ಬಳಸುವ ಮೀಟರ್‌ಗಳು ಹೆಚ್ಚು ಓದಿದವು. ಅದು ಪ್ರಯೋಗಾಲಯದ ವಿಪರೀತ ಸ್ಥಿತಿ. ಮನೆಯ ಒಟ್ಟು ಬಳಕೆಯಲ್ಲಿ ಫ್ರಿಜ್, ಗೀಸರ್, ಮೋಟಾರುಗಳ ಪಾಲೇ ದೊಡ್ಡದಿರುವಾಗ ಅಷ್ಟು ತಪ್ಪು ನಿರೀಕ್ಷಿಸಬೇಕಾಗಿಲ್ಲ. ಆದರೂ ಹಳೆಯ ಡಿಮ್ಮರ್‌ಗಳು ಹಲವು ಇರುವ ಮನೆಯಲ್ಲಿ ಬಿಲ್ ಅರ್ಥವಾಗದಷ್ಟು ಏರಿದರೆ, ಡಿಮ್ಮರ್ ಹಾದಿಯ ದೀಪಗಳನ್ನು ಮಾತ್ರ ಹಚ್ಚಿ 10 ಮಿನುಗಿನ ಲೆಕ್ಕ ತೆಗೆಯಿರಿ. ದೀಪಗಳ ಮೇಲೆ ಬರೆದ ವ್ಯಾಟ್‌ಗಳ ಮೊತ್ತಕ್ಕಿಂತ ಅದು ತೀರಾ ಜಾಸ್ತಿ ಬಂದರೆ, ಆ ಅಂಕಿಗಳನ್ನೇ ದೂರಿನ ಜೊತೆ ಲಗತ್ತಿಸಿ ಬದಲಿ ಮೀಟರ್ ಕೇಳಿ.